ಫಲಕಕ್ಕೊಂದು ಪದ

ಫ್ಲೆಕ್ಸ್ ಬಂದ ಮೇಲೆ ನನ್ನ ಬ್ರಷ್ಷುಗಳು
ಡಬ್ಬಿಯಲ್ಲಿ ನಿಂತು ನಿಂತೇ ಮರಗಟ್ಟಿದ್ದವು.
ದೇಚಮ್ಮ ಮೇಡಂ ಹೇಳಿ ಕಳಿಸಿದರು:
"ಮೊಯ್ದು, ಕೈಬರಹವೇ ಬೇಕು. ನಲವತ್ತೊಂದು ಫಲಕ."

ವಿರಾಜಪೇಟೆಯ ಹಳೇ ಕ್ಯೂರಿಂಗ್ ವರ್ಕ್ಸ್.
ಗೋಡೆಗೆ ಮೂಗಿಟ್ಟರೆ ಈಗಲೂ ಹಣ್ಣುಕಾಫಿಯ ಹುಳಿ.
ಚೀಲ ಪೇರಿಸುತ್ತಿದ್ದಲ್ಲಿ ಈಗ ಗಾಜಿನ ಪೆಟ್ಟಿಗೆ,
ಹಡಗಿನ ಹೊಟ್ಟೆಯಲ್ಲಿ ದಾಟಿ
ಗೋವೆಯಲ್ಲೋ, ಇನ್ನೆಲ್ಲೋ ಇಳಿದ ಆಫ್ರಿಕಾದವರ
ಬಾಚಣಿಗೆ, ಬೇಟೆಬಲೆ, ಒಂದು ಮಗುವಿನ ಕಡಗ.

ಮೊದಲ ಫಲಕ ಕುಂಡದಲ್ಲಿಟ್ಟ ಗಿಡಕ್ಕೆ:
"ರೊಬಸ್ಟಾ. ಹುಟ್ಟೂರು: ಕಾಂಗೋ ಸೀಮೆಯ ಕಾಡು."
ನಮ್ಮಜ್ಜ ಇದರ ಚಿಗುರು ಮುರಿದೇ ಸಂಸಾರ ಸಾಗಿಸಿದ,
ನಿನ್ನೂರು ಯಾವುದೆಂದು ಒಮ್ಮೆಯೂ ಕೇಳಿರಲಿಲ್ಲ.

ನಲವತ್ತು ಮುಗಿದವು. ಕೊನೆಯದು
ಬಾಗಿಲ ಮೇಲಿನದು, ಎಲ್ಲಕ್ಕಿಂತ ದೊಡ್ಡದು.
ಮೇಡಂ ಚೀಟಿಯಲ್ಲಿದ್ದದ್ದು ಡಯಾಸ್ಪೊರಾ.
ಡಿಕ್ಷನರಿ ಹೇಳಿತು, ಚದುರಿದ ಜನ.
ಹತ್ತಿಯೇ ಚದುರಲಿಕ್ಕೆ?
ಪೆನ್ಸಿಲ್ಲಿನಲ್ಲಿ ತೆಳ್ಳಗೆ ಎಳೆದೆ: ವಲಸೆ ಬಂದವರು.

ಭಾನುವಾರ ಜಗಲಿಯಲ್ಲಿ ಕೌದಿ ಹೊಲಿಗೆ,
ಯಾರು ಬೇಕಾದರೂ ಬರಬಹುದು, ಹಳೇ ಬಟ್ಟೆ ತಂದರೆ ಸಾಕು.
ಹಳಿಯಾಳದ ಕಡೆಯ ರೊಜೀನಾ ಸಿದ್ದಿ
ಕಾಲು ಚಾಚಿ ಕೂತಿದ್ದಾಳೆ, ಬಾಯಲ್ಲಿ ದಾರ.
ಯಾರದೋ ಕುಪ್ಪಸದ ತೋಳು, ಪೋಸ್ಟ್‌ಮ್ಯಾನನ ಖಾಕಿ,
ನನ್ನ ಹೆಂಡತಿಯ ಮಾಸಿದ ತಟ್ಟಂ,
ಹಿಂದೆ ನೆರಿಗೆ ಹಿಡಿಯುವ ಸೀರೆಯ ಅಂಚು.
ಅಂಚಿನಿಂದಲೇ ಶುರು, ಸುತ್ತಿ ಸುತ್ತಿ ಒಳಕ್ಕೆ.
"ನಡುವಿಂದ ಯಾಕೆ ಹೊಲಿಯೋದಿಲ್ಲ?" ಒಂದು ಹುಡುಗಿ ಕೇಳಿತು.
"ನಡುವಿಗೆ ಹೋಗೋದಕ್ಕೇ ಅಲ್ವಾ ಮಗಾ ಹೊಲಿಯೋದು?"

ಅಂಗಳದಲ್ಲಿ ಅವಳ ತಮ್ಮ ಡಮಾಮಿಯ ತೊಗಲನ್ನು
ಚಾ ಒಲೆಯ ಹತ್ತಿರ ಕಾಯಿಸುತ್ತಿದ್ದ.
ನಮ್ಮೂರ ದುಡಿಯವರಿಗೆ ಅವಸರ,
ಅವನಿಗಿಲ್ಲ.
ಅರ್ಧ ಗಂಟೆ ಎರಡೂ ಒಂದಕ್ಕೊಂದು ಅಡ್ಡ ಬಂದವು.
ಆಮೇಲೆ ಹೇಗೋ, ಯಾರು ಸೋತರೋ ಗೊತ್ತಾಗಲಿಲ್ಲ,
ಚಾ ಉಕ್ಕಿ ಒಲೆ ಆರಿದ್ದೂ ಗೊತ್ತಾಗಲಿಲ್ಲ.

ಸಂಜೆ ರೊಜೀನಾ ತಲೆಯೆತ್ತಿ
ಪೆನ್ಸಿಲ್ ಗೆರೆಯನ್ನು ಕೂಡಿಸಿ ಕೂಡಿಸಿ ಓದಿದಳು.
"ಬಂದವರು ಅಂತ ಬರೆದ್ಯಾ ಅಣ್ಣಾ?
ಬಸ್ಸು ಹತ್ತಿ ಬಂದ್ವಾ?"
ರಬ್ಬರು ಹಿಡಿದೆ. ತಂದವರು? ಅದು ಬೇರೆಯವರು.
ತರಲ್ಪಟ್ಟವರು? ತಾಲ್ಲೂಕು ಕಚೇರಿ ನೋಟಿಸಿನ ಹಾಗೆ.
ನಲವತ್ತು ವರ್ಷ ಅಂಗಡಿ ಬೋರ್ಡು ಬರೆದ ಕೈ
ಒಂದು ಕ್ರಿಯಾಪದಕ್ಕೆ ತಡವರಿಸಿತು.

ಗುಡಿಸುವ ಮುತ್ತಿ, ಪಣಿ ಎರವರ ಹಾಡಿಯವಳು,
ಗಾಜಿನೊಳಗಿನ ಲೆಕ್ಕದ ಹಾಳೆಯ ಮುಂದೆ ನಿಂತಿದ್ದಳು.
"ಓದು." ಓದಿದೆ:
ಹುಡುಗ ಒಬ್ಬ, ವಯಸ್ಸು ಸುಮಾರು ಒಂಬತ್ತು, ಹಲ್ಲು ಸರಿ ಇದೆ, ಬೆಲೆ ಇಷ್ಟು.
ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು.
"ನಮ್ಮ ತಾತನ ಲೆಕ್ಕ ಯಾವ ಕೋಣೇಲಿದೆ?
ಭತ್ತಕ್ಕೆ ಕೊಟ್ಟಿದ್ರಂತೆ. ಎಷ್ಟು ಭತ್ತ ಅಂತ ಅಮ್ಮ ಹೇಳ್ತಿದ್ಲು,
ನಂಗೆ ಮರ್ತೋಯ್ತು."

ಲೈಬ್ರರಿಯ ಬಾಗಿಲಿಗೆ "ಎರವಲು ವಿಭಾಗ" ಎಂದು
ನೀಲಿ ಬಣ್ಣದಲ್ಲಿ ಬರೆದವನು ನಾನೇ.
ಎರವು, ಎರವರು.
ಎರಡನ್ನೂ ಒಂದೇ ಬ್ರಷ್ಷಿನಲ್ಲಿ ಬರೆಯಬಹುದೆಂದು
ಆವತ್ತು ಕೈಗೆ ಹೊಳೆದಿರಲಿಲ್ಲ.

ಮುತ್ತಿ ಹೆಗಲ ಮೇಲೆ ಗಂಟಿಕ್ಕುವ ಬಟ್ಟೆಯ ತುದಿಯನ್ನು
ಹಲ್ಲಿನಲ್ಲಿ ಕಚ್ಚಿ, ಹರಿದು ಕೊಟ್ಟಳು.
ರೊಜೀನಾ ಅದನ್ನು ಮುಕ್ಕೋನ ಮಡಚಿ
ಕೌದಿಯ ಮೂಲೆಗೆ ಹೂವಾಗಿ ಹಚ್ಚಿದಳು,
ಅಡಿಯಲ್ಲಿ ಎರಡು ಕಾಳು ಅಕ್ಕಿ.
"ಹೂ ಇಲ್ದಿದ್ರೆ ಕೌದಿ ಬೆತ್ತಲೆ," ಅಂದಳು.
ಮುತ್ತಿ ನಗಲಿಲ್ಲ. ಅಕ್ಕಿ ಸಿಕ್ಕಿದ ಜಾಗವನ್ನು
ಹೆಬ್ಬೆರಳಿನಿಂದ ಒತ್ತಿ ನೋಡಿದಳು.

ಬಾಗಿಲ ಮೇಲೆ ಈಗ ಎರಡೇ ಮಾತು:
ನಮ್ಮನ್ನು ತಂದರು.
ಬಂದ ಶಾಲೆ ಮಕ್ಕಳು ಕತ್ತೆತ್ತಿ ಕೇಳುತ್ತಾರೆ,
ಯಾರು? ಯಾರನ್ನು?
ಕೆಳಗೆ ನಾಲ್ಕಂಗುಲ ಜಾಗ ಬಿಟ್ಟಿದ್ದೇನೆ.
ಬಿಲ್ಲು ನಲವತ್ತಕ್ಕೆ ಮಾತ್ರ.