ನಡುಗೋಡೆ

ಬೆಳಗಿನ ನಾಲ್ಕೂಕಾಲು. ಮೀಟರಿನಲ್ಲಿ ಉಳಿದದ್ದು
ಎರಡು ಪೌಂಡು ನಲವತ್ತು ಪೆನ್ಸು.
ಐದೂ ಹತ್ತಕ್ಕೆ ನೆಲ್ಸನ್ನಿಗೆ ಹೊರಡುವ ಮೊದಲ ಬಸ್ಸು ನನ್ನದು.
ಹೀಟರ್ ಆರಿಸಲೇ, ಬಿಡಲೇ?
ಮೆಟ್ಟಿಲ ಮೇಲೆ ಕೂತ ಮಸಿ ನನ್ನನ್ನೇ ನೋಡುತ್ತಿದೆ,
ಲೆಕ್ಕ ಕೇಳುವ ಶಾನುಭೋಗನ ಹಾಗೆ.

ಹದಿನಾಲ್ಕು ವರ್ಷದ ಬೆಕ್ಕು.
ಸವರಿದರೆ ಬೆನ್ನೆಲುಬು ಬೆರಳಿಗೆ ಮಣಿಮಣಿಯಾಗಿ ಸಿಗುತ್ತದೆ.
ವೈದ್ಯೆ ಹೇಳಿದಳು: ಹೊರಗೆ ಬಿಡಬೇಡಿ, ಬೆಚ್ಚಗಿಡಿ.
ಅಷ್ಟು ಹೇಳಿದ್ದಕ್ಕೆ
ಅರವತ್ತೆರಡು ಪೌಂಡಿನ ಚೀಟಿ.

ಬೆಚ್ಚಗಿಡುವುದು ನನಗೆ ಗೊತ್ತಿಲ್ಲದ ವಿದ್ಯೆಯೇ?
ಬಾಗಿಲಡಿಯ ಸಂದಿಗೆ
ಅಕ್ಕಿ ತುಂಬಿ ಹೊಲಿದ ಹಳೆಯ ಕಾಲುಚೀಲ.
ಅಶ್ಫಾಕನ ಅಂಗಡಿಯಿಂದ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ,
ಅದರೊಳಗೆ ಹಾವೇರಿಯಿಂದ ಹೊತ್ತು ತಂದ ಕೌದಿ:
ದೊಡ್ಡಮ್ಮನ ಇಳಕಲ್ ಸೀರೆಯ ಸೆರಗು,
ಯಾರದೋ ಲಂಗ, ಅಪ್ಪನ ಪೈಜಾಮದ ಪಟ್ಟೆ,
ಎಲ್ಲರನ್ನೂ ಒಂದೇ ದಾರದಲ್ಲಿ ಕೂರಿಸಿದ ಹೊಲಿಗೆ.
ಬಿಸಿನೀರಿನ ರಬ್ಬರ್ ಚೀಲಕ್ಕೊಂದು ಉಲ್ಲನ್ ಅಂಗಿ.
ಕುದಿಯುವ ನೀರಲ್ಲ, ಕೂಸಿಗೆ ಎರೆಯುವಷ್ಟು.
ಮೊಣಕೈ ಅದ್ದಿ ನೋಡಿಯೇ ತುಂಬುತ್ತೇನೆ.

ಮಸಿ ಬಂತು, ಮೂಸಿತು,
ಹಿಟ್ಟು ನಾದಿದಂತೆ ಕೌದಿಯನ್ನು ನಾಲ್ಕು ಸಲ ತುಳಿಯಿತು.
ಆಮೇಲೆ ಎದ್ದುಹೋಗಿ
ಅದೇ ಗೋಡೆಗೆ ಬೆನ್ನು ಹಚ್ಚಿ ಕೂತಿತು.
ಬೋಳು ಗೋಡೆ. ಅಲ್ಲೇನೂ ಇಲ್ಲ.

ಇತ್ತು.
ಗೋಡೆಯಾಚೆ ಮಾರ್ಜೊರಿ ಹಾವರ್ತ್ ಇದ್ದಳು.
ಅವಳ ಅಗ್ಗಿಷ್ಟಿಕೆ ಸೆಪ್ಟೆಂಬರಿನಲ್ಲಿ ಹೊತ್ತಿದರೆ
ಮೇ ತಿಂಗಳವರೆಗೂ ಉರಿಯುತ್ತಿತ್ತು,
ಇಟ್ಟಿಗೆ ನುಂಗಿ ಉಳಿದದ್ದು ನಮಗೆ.
ಏಳು ಚಳಿಗಾಲ ಅವಳ ಬೆಂಕಿಗೆ ಮೈ ಕಾಯಿಸಿಕೊಂಡೆವು,
ಬೆಕ್ಕು ತಿಳಿದು, ನಾನು ತಿಳಿಯದೆ.
ನನ್ನ ಬಿಲ್ಲು ಕಡಿಮೆ ಬಂದಾಗಲೆಲ್ಲ
ನನ್ನ ಜಾಣತನವೆಂದೇ ಅಂದುಕೊಂಡಿದ್ದೆ.
ನವೆಂಬರಿನಲ್ಲಿ ಆಂಬ್ಯುಲೆನ್ಸ್ ಬಂತು,
ಸದ್ದಿಲ್ಲದೆ, ಬರೀ ನೀಲಿ ದೀಪ ತಿರುಗಿಸುತ್ತ.
ಈಗ ಅವಳ ಬಾಗಿಲೆದುರು ಮಾರಾಟದ ಹಲಗೆ.

ನಡುಗೋಡೆ ಎನ್ನುತ್ತೇವಲ್ಲ,
ನಡುಗುವುದು ಆ ಮಾತಿನೊಳಗೇ ಅಡಗಿ ಕೂತದ್ದು
ನನಗೆ ಕೇಳಿಸಿದ್ದು ಬರ್ನ್ಲಿಯಲ್ಲಿ.

ನಮ್ಮ ಕಡೆ, ಒಲೆಯೊಳಗೆ ಬೆಕ್ಕು ಮಲಗಿದೆ ಎಂದರೆ
ಆ ಮನೆಯಲ್ಲಿ ಅಡುಗೆಯಿಲ್ಲ ಎಂದರ್ಥ.
ಹೇಳುವವರು ದನಿ ತಗ್ಗಿಸುತ್ತಿದ್ದರು.
ಮಲಗಲು ಒಲೆಯೇ ಇಲ್ಲದ ಬೆಕ್ಕಿನ ಮೇಲೆ
ಯಾರೂ ಗಾದೆ ಕಟ್ಟಿಲ್ಲ.

ನನ್ನ ಬಸ್ಸಿನಲ್ಲಿ ಸೀಟಿನಡಿ ಬಿಸಿಗಾಳಿ.
ಕೆಲವರು ಕೊನೆಯ ನಿಲ್ದಾಣದಲ್ಲೂ ಇಳಿಯುವುದಿಲ್ಲ,
ಟೊಪ್ಪಿಗೆ ಕಣ್ಣಿಗೆಳೆದು ನಿದ್ದೆ ನಟಿಸುತ್ತಾರೆ.
ನಾನೂ ನೋಡದ ಹಾಗೆ ನಟಿಸುತ್ತೇನೆ.
ತಿರುಗುವ ಬಸ್ಸಿಗೆ ಇನ್ನೊಂದು ಟಿಕೆಟ್ ಕೇಳಿಲ್ಲ.
ಆಗೆಲ್ಲ ಮಸಿಯ ನೆನಪು:
ಈಗ ಹೀಟರ್ ಆರಿರಬೇಕು,
ಈಗ ರಬ್ಬರ್ ಚೀಲ ತಣ್ಣಗಾಗಿರಬೇಕು.

ಫೆಬ್ರವರಿಯ ಒಂದು ಸಂಜೆ ಬಂದು ನೋಡಿದರೆ ಹಲಗೆ ಇಲ್ಲ.
ಇಬ್ಬರು ಹುಡುಗರು ವ್ಯಾನಿನಿಂದ ಹಾಸಿಗೆ ಇಳಿಸುತ್ತಿದ್ದರು,
ನನಗೆ ತಿಳಿಯದ ಭಾಷೆಯಲ್ಲಿ ಬೈದುಕೊಂಡು, ನಕ್ಕು.
ಹಿಂದೆ ಒಬ್ಬಾಕೆ, ಎದೆಗವಚಿದ ಕುಕ್ಕರು.

ಆ ರಾತ್ರಿ ಮಸಿ ಪೆಟ್ಟಿಗೆಯಿಂದ ಎದ್ದಿತು
(ಮೀನಿನ ಲಂಚ ಕೊಟ್ಟು ಅಂತೂ ಅಲ್ಲಿ ಮಲಗಿಸಿದ್ದೆ),
ಗೋಡೆಯ ಬುಡಕ್ಕೆ ಹೋಗಿ ಉದ್ದಕ್ಕೆ ಮೈ ಚಾಚಿತು.
ಪಕ್ಕದಲ್ಲಿ ಕೂತು ನಾನೂ ಅಂಗೈ ಇಟ್ಟೆ,
ಮಗುವಿನ ಹಣೆಯ ಮೇಲೆ ಇಟ್ಟು ಜ್ವರ ನೋಡುವ ಹಾಗೆ.

ತಣ್ಣಗಿತ್ತು. ಆಮೇಲೆ ತುಸು...
ಇಲ್ಲ, ಅದು ನನ್ನ ಕೈಯ ಬಿಸಿಯೇ ಇರಬೇಕು.
ಕೈ ತೆಗೆಯಲಿಲ್ಲ.
ಆಚೆ ಕಡೆಯೂ ಯಾರೋ ಬೆನ್ನು ಒರಗಿಸಿರಬಹುದು.
ಮೀಟರಿನಲ್ಲಿ ಮೂರು ಪೌಂಡು ಹತ್ತು.
ಎದ್ದು ಹೀಟರನ್ನು ಒಂದು ಗೆರೆ ಏರಿಸಿದೆ.