ಕಡಲು ಬತ್ತದು, ಏಳು

ಟಕೊರಾಡಿ ಬಂದರು ಕಚೇರಿಯ ನೂರ ನಲವತ್ತು ಕಂಪ್ಯೂಟರಿಗೂ
ಒಂಬತ್ತು ವರ್ಷ ಒಂದೇ ಪಾಸ್‌ವರ್ಡು:
ಕಡಲು ಬತ್ತದು, ಅದಕ್ಕಂಟಿಕೊಂಡು ಒಂದು ಏಳು.
ಇಟ್ಟವರು ಎಬೊ ಕ್ವಾನ್ಸಾ.
ಅವರ ಸೋದರಮಾವನ ದೋಣಿಯ ಪಕ್ಕೆಯ ಮೇಲೆ
ಹಳದಿ ಬಣ್ಣದಲ್ಲಿ ಬರೆದಿದ್ದ ಮಾತು.
ಏಳು ಯಾಕೆ ಅಂದರೆ,
"ಅಂಕಿಯೊಂದು ಇರಲೇಬೇಕು ಅಂತ ಮಿಷಿನ್ನೇ ಹಟ ಹಿಡಿಯಿತು, ಅರಬಾ,
ನನ್ನದೇನಿಲ್ಲ."

ಗುಟ್ಟು ಆರು ಕಿವಿಗೆ ಬಿದ್ದರೆ ರಟ್ಟು.
ಇದು ಬಿದ್ದ ಕಿವಿಗಳ ಲೆಕ್ಕ ನಾನು ಎಂದೋ ಬಿಟ್ಟೆ:
ಪ್ರಿಂಟರು ಮುನಿಸಿಕೊಂಡಾಗ ಲೆಕ್ಕಪತ್ರದ ಮಿಸೆಸ್ ಬೆಂಟ್ಸಿಲ್,
ಹಾಡು ಹಾಕಿಕೊಳ್ಳಲು ರಾತ್ರಿಪಾಳಿಯ ಕಾವಲಿನವರು,
ಕೆಂಕೆ ಮಾರುವ ಆಂಟಿ ಎಸಿ ಕೂಡ,
ಅವಳ ಮಗ ರಜೆಯಲ್ಲಿ ಇಲ್ಲೇ ಕೂತು ಆಟ ಆಡುತ್ತಿದ್ದ.
ಯಾರೂ ಕದಿಯಲಿಲ್ಲ.
ಪಕ್ಕದ ಮನೆಯವರು ಉಪ್ಪು ಕೇಳಿದ ಹಾಗೆ ಕೇಳಿದರು,
ಕೊಟ್ಟೆವು.

ಆಮೇಲೆ ಆ ಮಂಗಳವಾರ.
ಬಿಲ್ಲಿನ ವೇಷ ತೊಟ್ಟು ಬಂದ ಒಂದು ಫೈಲು
ಮೂರನೇ ಮಹಡಿಯಲ್ಲಿ ಹತ್ತು ಗಂಟೆಗೆ ಬಾಯಿ ತೆರೆಯಿತು.
ಒಂದು ಬಾಗಿಲಿನ ಬೀಗದ ಕೈ ಸಿಕ್ಕಿತು ಅದಕ್ಕೆ;
ಎಲ್ಲ ಬಾಗಿಲಿಗೂ ಅದೇ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ.
ಊಟದ ಹೊತ್ತಿಗೆ ನಲವತ್ತೊಂದು ಪರದೆ ಕೆಂಪು.
ಮ್ಯಾಂಗನೀಸಿನ ಹಡಗು ಎರಡು ದಿನ ನಿಂತೇ ಇತ್ತು,
ನಾವು ಕಾರ್ಬನ್ ಕಾಗದ ಹುಡುಕುತ್ತ ಅಂಗಡಿ ಅಂಗಡಿ ಸುತ್ತಿದೆವು.

ಈಗ ಹಾಗಲ್ಲ.
ಒಂದೊಂದಕ್ಕೆ ಒಂದೊಂದು, ಅದರದೇ.
ತಿಂಗಳಿಗೊಮ್ಮೆ ಹಾವಿನ ಹಾಗೆ ಪೊರೆ ಬಿಟ್ಟು
ಹೊಸದನ್ನು ತಾನೇ ಹೆಣೆದುಕೊಂಡು
ಸರ್ವರಿನ ಪೆಟ್ಟಿಗೆಯಲ್ಲಿ ಹಾಕಿಟ್ಟು ಸುಮ್ಮನಾಗುತ್ತದೆ.
ಪೆಟ್ಟಿಗೆ ತೆರೆದವರ ಹೆಸರು, ಗಂಟೆ, ನಿಮಿಷ ಬರೆದಿಡುತ್ತದೆ.
ನಾನು ತೆರೆದರೂ ಬರೆದಿಡುತ್ತದೆ.
ಮೊದಮೊದಲು ಸಿಟ್ಟು ಬಂತು.

ನಡುರಾತ್ರಿ ಕ್ರೇನಿನ ಬುಡದಿಂದ ಕೋಜೊ ಫೋನು ಮಾಡುತ್ತಾನೆ.
ನೋಡಿ ಓದುತ್ತೇನೆ:
ಚಿಕ್ಕ ಕ್ಯೂ. ಒಂಬತ್ತು. ದೊಡ್ಡ ಟೀ. ಹ್ಯಾಶ್.
ಹ್ಯಾಶ್ ಅಂದರೆ ಬೇಲಿಯ ತುಂಡಿನ ಹಾಗಿರುತ್ತಲ್ಲ, ಅದು.
ಅರ್ಧ ಗಾಳಿಗೆ ಹಾರಿಹೋಗುತ್ತದೆ, ಮತ್ತೆ ಮೊದಲಿನಿಂದ.
ಹದಿನಾಲ್ಕು ಅಕ್ಷರ, ಯಾರ ದೋಣಿಯ ಮೇಲೂ ಇಲ್ಲದ್ದು.
ಬೆಳಗಿನ ಪಾಳಿ ಬರುವಷ್ಟರಲ್ಲಿ ಅದೂ ಸುಳ್ಳು.

ತೂಕದ ಕೋಣೆಯದೊಂದು ಉಳಿದಿತ್ತು.
ಜಾಲಕ್ಕೆ ಸೇರದ್ದು,
ಲಾರಿಗಳ ಭಾರ ಬಿಟ್ಟು ಬೇರೆ ಸುದ್ದಿ ಅರಿಯದ್ದು.
ಹರ್ಮಟಾನಿನ ಧೂಳು ಕೀಲಿಗಳ ಸಂದಿಯಲ್ಲಿ ಹಿಟ್ಟಾಗಿ ಕೂತಿತ್ತು.
ಟವೆಲಿನ ಅಂಚಿನಿಂದ ಒರೆಸಿದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
ಆಮೇಲೆ ಟೈಪು ಮಾಡಿದೆ.
ಬೆರಳಿಗೆ ದಾರಿ ಗೊತ್ತಿತ್ತು, ನನ್ನನ್ನು ಕೇಳಲಿಲ್ಲ.
ಏಳು, ಅಂದೆ.
ಎದ್ದಿತು.
ಕಾವಲಿನ ಮುದುಕ ಬೆನ್ನ ಹಿಂದಿನಿಂದ,
"ಇನ್ನೂ ಅದೇ ತಾನೆ?"
"ಇನ್ನು ಐದು ನಿಮಿಷ" ಅಂದೆ.

ಭಾನುವಾರ ಸೆಕೊಂಡಿಯ ದಂಡೆಯಲ್ಲಿ ಕ್ವಾನ್ಸಾ
ಬಲೆಯ ಗುಡ್ಡೆಯ ಮೇಲೆ ಕಾಲು ಚಾಚಿ ಕೂತಿದ್ದರು.
"ಈಗಿನದು ಏನು?"
"ಗೊತ್ತಿಲ್ಲ."
"ಸರಿ, ಹೇಳಬೇಡ. ನಿನಗಾದರೂ ಗೊತ್ತಿದೆಯಲ್ಲ, ಸಾಕು."
"ನನಗೂ ಗೊತ್ತಿಲ್ಲ. ಈಗ ಅದೇ ನನ್ನ ಕೆಲಸ."
ಕೆಮ್ಮು ಬರುವ ತನಕ ನಕ್ಕರು.
ಅವರ ಹಿಂದೆ ಹುಡುಗನೊಬ್ಬ ಆ ಹಳೇ ದೋಣಿಗೆ
ಮತ್ತೆ ಹಳದಿ ಅಕ್ಷರ ಬರೆಯುತ್ತಿದ್ದ.
ಕಡಲು ಅನ್ನುವಲ್ಲಿಗೆ ಡಬ್ಬಿ ಖಾಲಿ.
ಬಣ್ಣ ತರಲು ಹೋದವನು
ನಾವು ಮೀನು ತಿಂದು ಕೈ ತೊಳೆದರೂ ಬಂದಿರಲಿಲ್ಲ.