ಹೆಣ ಎಬ್ಬಿಸುವವನ ಹಾಳೆ

ಬಲ: ಎಂಟು. ಸಾಕು,
ಗುದ್ದಲಿ ಎತ್ತುವಷ್ಟು ಇದ್ದರಾಯಿತು.
ಬುದ್ಧಿ: ಹದಿನೇಳು.
ಮೋಡಿ? ರೇವಣಸಿದ್ಧ ನಕ್ಕ:
"ಆರಕ್ಕ ಬಿಡು, ಗೋರಿ ತೋಡಾಂವಗ ಯಾರು ಹೆಣ್ಣು ಕೊಡ್ತಾರ?"

ಸಿದ್ದೀಕ್ ತಾಲೀಮಿನ ನಮ್ಮ ಮಾಳಿಗೆ. ಕರೆಂಟಿಲ್ಲ.
ಮೊಬೈಲಿನ ಬೆಳಕಲ್ಲಿ ಇಪ್ಪತ್ತು ಮುಖದ ದಾಳ,
ಸತುವಿನದು, ನಾನೇ ಎರಕ ಹೊಯ್ದದ್ದು;
ಅಂಕಿಗಳಿಗೆ ಬೆಳ್ಳಿ ತಂತಿ.
ಏಳು ಮಾತ್ರ ತುಸು ವಾರೆ.

ಊರು: ಅಷ್ಟೂರಿನ ಗುಮ್ಮಟಗಳ ಆಚೆ.
ಹೆಸರು: ಇನ್ನೂ ಇಲ್ಲ.
ಬಟ್ಟೆ: ಕಪ್ಪು.
"ಎಲ್ಲಾರೂ ಕಪ್ಪೇ ಬರೀತಾರ," ಅಂದಳು ಫರ್ಹೀನ್.
ನಮ್ಮ ಕಪ್ಪು ಬೇರೆ, ಅಂದೆ:
ಬಿಸಿಲು ಕಾಣದ ಕೋಟೆಯ ಮಣ್ಣು, ನವಸಾಗರ, ಕುದಿನೀರು,
ಸತು ಸತ್ತು ಬೆಳ್ಳಿ ಏಳುವ ಕಪ್ಪು.

"ಮೊದಲು ಯಾರನ್ನ ಎಬ್ಬಿಸ್ತಿ?"
ಸೈನಿಕರು ಅಂತ ಬರೆಯಬೇಕಿತ್ತು.
ದಾದಿ ಅಂತ ಬರೆದೆ.
ಚಿಟಿಕೆ ಮಣ್ಣು ನಾಲಿಗೆಗಿಟ್ಟು
"ಇದಲ್ಲ, ಇದು ಮಳೆ ಕಂಡದ್ದು" ಎಂದು ಉಗುಳುತ್ತಿದ್ದಳು.
ಈಗ ಅಪ್ಪ ಹೊತ್ತು ತಂದ ಮೂರು ಚೀಲವೂ
ಬೂದಿ ಬಣ್ಣಕ್ಕೇ ನಿಲ್ಲುತ್ತವೆ.

ರೇವಣ ನಿಯಮ ಓದಿದ:
ಎದ್ದದ್ದು ನಡೆಯುತ್ತದೆ, ಹೊರುತ್ತದೆ, ಹೇಳಿದವರನ್ನು ಹೊಡೆಯುತ್ತದೆ.
ಮಾತಿಲ್ಲ. ರುಚಿ ಇಲ್ಲ.
ಎಲುಬಿಲ್ಲದ ನಾಲಿಗೆ ಅಂತ ಬೈತಾರಲ್ಲ,
ಇದು ನಾಲಿಗೆಯಿಲ್ಲದ ಎಲುಬು.

ಅಳಿಸಿದೆ. ಹಾಳೆ ಅಲ್ಲೇ ಹರಿಯಿತು.
"ಸೈನಿಕರೇ ಇರಲಿ. ನಾಲ್ಕು."

ದಾಳ ನನ್ನ ಕೈಗೆ ಬಂತು.
ಅವಳು ಆರಿಸಿದ ಕೊನೆಯ ಚೀಲದ ಕಪ್ಪು ಅದು.
ಉರುಳಿಸುವ ಮುಂಚೆ ನಾಲಿಗೆಗೆ ತಾಗಿಸಿದೆ.
"ಥೂ, ಏನ್ ಮಾಡ್ಲತ್ತಿ?"
ಉಪ್ಪು.
ಆಮೇಲೆ ಇನ್ನೇನೋ. ತಡಿ,
ಇನ್ನೊಮ್ಮೆ ನೋಡ್ತೀನಿ.